ಬೆವರು ಹರಿಯಲಿ, ತೇವ ಉಳಿಯದಿರಲಿ

ಈಗ ಬಡಾವಣೆಗೊಂದು ಜಿಮ್. ಕೆಳಗೆ ಬೇಕರಿ, ಮೇಲೆ ಜಿಮ್! ಅಪಾರ್ಟ್‌ಮೆಂಟ್ ಆದರೆ ಕೇಳೋದೇ ಬೇಡ, ಕ್ಲಬ್ ಹೌಸಿನಲ್ಲೇ ಎರಡು ಟ್ರೆಡ್‌ಮಿಲ್, ಒಂದು ಸೈಕಲ್, ಒಂದಿಷ್ಟು ಡಂಬೆಲ್ ಕಾದಿರುತ್ತವೆ. ಮಕ್ಕಳನ್ನು ಸ್ಕೂಲ್ ವ್ಯಾನ್ ಹತ್ತಿಸಿ, ಯಜಮಾನರಿಗೆ ಡಬ್ಬಿ ಕಟ್ಟಿಕೊಟ್ಟು, ಕುಕ್ಕರ್ ಇಳಿಸಿ, ಹತ್ತು ಗಂಟೆಯ ಲೇಡೀಸ್ ಬ್ಯಾಚ್‌ಗೆ ಓಡುವ ಗೃಹಿಣಿಯರು ಈಗ ಬೇಕಾದಷ್ಟು ಜನ. ಇದು ಸಂತೋಷದ ವಿಷಯವೇ. ಮನೆಮಂದಿಯ ಆರೋಗ್ಯವನ್ನೆಲ್ಲ ನೋಡಿಕೊಳ್ಳುವವಳು ದಿನಕ್ಕೊಂದು ಗಂಟೆ ತನಗಾಗಿ ತೆಗೆದಿಡುತ್ತಾಳೆ ಅಂದರೆ ಅದಕ್ಕಿಂತ ಒಳ್ಳೇದು ಇನ್ನೇನಿದೆ?

ಆದರೆ ಸೇರಿದ ಎರಡೇ ತಿಂಗಳಿಗೆ ಬಿಟ್ಟವರನ್ನು ಒಮ್ಮೆ ಮಾತಾಡಿಸಿ ನೋಡಿ. ಟೈಮ್ ಸಾಲಲ್ಲ, ಮಂಡಿ ನೋವು ಎಂಬ ಕಾರಣಗಳ ಜತೆಗೆ ಇನ್ನೊಂದು ಕಾರಣ ಮೆಲ್ಲಗೆ ಹೊರಬರುತ್ತದೆ. ‘ಯಾರ್ಯಾರೋ ಮಲಗಿ ಎದ್ದ ಬೆಂಚು ಕಣ್ರೀ, ಅಸಹ್ಯ ಆಗುತ್ತೆ’ ಅಂತ. ಇವರು ಭಯದವರು. ಇನ್ನು ಕೆಲವರಿದ್ದಾರೆ, ನಿರ್ಭಯದವರು! ಪಕ್ಕದವರ ಟವೆಲ್‌ನಲ್ಲೇ ಮುಖ ಒರೆಸಿಕೊಂಡು, ಬೆವರಿದ ಟೀ ಶರ್ಟಿನಲ್ಲೇ ತರಕಾರಿ ಅಂಗಡಿಗೆ ಹೋಗಿ, ಮಧ್ಯಾಹ್ನದ ಅಡುಗೆಯೂ ಮುಗಿದ ಮೇಲೆ ಸ್ನಾನಕ್ಕೆ ಹೋಗುವವರು.

ಎರಡೂ ಬೇಡ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ ಮಾಡಬೇಕು, ಅದರ ಜತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಸಕ್ಕರೆ ಕಾಯಿಲೆ, ಬಿಪಿ, ಮೂಳೆ ಸವೆತದ ವಿರುದ್ಧ ಇದೇ ನಮ್ಮ ಕೈಲಿರುವ ಅಗ್ಗದ ಔಷಧ. ರೋಗಾಣುವಿನ ಭಯಕ್ಕೆ ಅದನ್ನು ಬಿಟ್ಟರೆ ನೆಗಡಿಗೆ ಹೆದರಿ ಮೂಗು ಕೊಯ್ದುಕೊಂಡ ಹಾಗೆ. ಹಾಗಂತ ನಿರ್ಲಕ್ಷ್ಯ ಮಾಡಿದರೆ ಜಿಮ್‌ನಿಂದ ಬರುವ ಸೋಂಕು ನಮ್ಮೊಬ್ಬರಲ್ಲೇ ನಿಲ್ಲುವುದಿಲ್ಲ. ಅದು ಮಗುವಿನ ಟವೆಲ್‌ಗೂ ಬರುತ್ತದೆ, ಅತ್ತೆಯವರ ಹಾಸಿಗೆಗೂ ಬರುತ್ತದೆ.

ಕೊಳೆಗಿಂತ ತೇವವೇ ಶತ್ರು

ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕಿದರೆ ಏನಾಗುತ್ತದೆ? ನಾಲ್ಕೇ ದಿನಕ್ಕೆ ಬೂಷ್ಟು. ಚಮಚ ಎಷ್ಟೇ ಶುಭ್ರವಾಗಿರಲಿ, ಒದ್ದೆ ಇದ್ದರೆ ಮುಗಿಯಿತು. ನಮ್ಮ ಚರ್ಮದ ಕಥೆಯೂ ಇದೇ.

ಬೆವರಿಗೆ ತನ್ನದೇ ಆದ ವಾಸನೆ ಅಷ್ಟಾಗಿ ಇರುವುದಿಲ್ಲ. ಚರ್ಮದ ಮೇಲಿರುವ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಅಂಥ ಬ್ಯಾಕ್ಟೀರಿಯಾ ನಮ್ಮೆಲ್ಲರ ಮೈಮೇಲೂ ಇರುತ್ತವೆ, ಅವುಗಳಲ್ಲಿ ಹೆಚ್ಚಿನವು ಸಾಧು ಪ್ರಾಣಿಗಳು! ಜಿಮ್ ಬೆಂಚಿನ ಮೇಲೆ ರೋಗಾಣು ಇದೆ ಎಂದ ಮಾತ್ರಕ್ಕೆ ಕೂತವರಿಗೆಲ್ಲ ರೋಗ ಬರುವುದಿಲ್ಲ. ಅದಕ್ಕೆ ಒಳಗೆ ಬರಲು ಒಂದು ದಾರಿ ಬೇಕು, ಬೆಳೆಯಲು ಜಾಗ ಬೇಕು. ಆ ದಾರಿ ಮೂರು. ತರಚಿದ ಚರ್ಮ, ಒಣಗದ ಬೆವರು, ಇನ್ನೊಬ್ಬರ ಟವೆಲ್.

ಒಂದು ಉದಾಹರಣೆ ನೋಡಿ. 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ರ್‍ಯಾಮ್ಸ್ ಎಂಬ ಫುಟ್‌ಬಾಲ್ ತಂಡದ ಐವರು ಆಟಗಾರರಿಗೆ ಚರ್ಮದಲ್ಲಿ ಕೀವು ತುಂಬಿದ ದೊಡ್ಡ ಕುರುಗಳೆದ್ದವು. ಸಾಮಾನ್ಯ ಆಂಟಿಬಯೋಟಿಕ್‌ಗೆ ಬಗ್ಗದ ಎಂ.ಆರ್.ಎಸ್.ಎ. ಎಂಬ ಬ್ಯಾಕ್ಟೀರಿಯಾ ಅದು. ಮೈದಾನದಲ್ಲಿ ಬಿದ್ದು ತರಚಿದ ಜಾಗದಲ್ಲೇ ಸೋಂಕು ಹತ್ತಿತ್ತು. ತನಿಖೆ ಮಾಡಿದ ತಜ್ಞರಿಗೆ ಕಂಡದ್ದೇನು? ಒಂದೇ ಟವೆಲನ್ನು ಹಲವರು ಬಳಸುತ್ತಿದ್ದರು, ಮೈ ತೊಳೆಯದೆ ಸಾರ್ವಜನಿಕ ತೊಟ್ಟಿಗೆ ಇಳಿಯುತ್ತಿದ್ದರು. ಕೋಟಿಗಟ್ಟಲೆ ಸಂಬಳ ಪಡೆಯುವ, ಕೈಗೊಬ್ಬ ಕಾಲಿಗೊಬ್ಬ ವೈದ್ಯರಿರುವ ತಂಡಕ್ಕೇ ಟವೆಲ್ ಇಂಥ ಪಾಠ ಕಲಿಸಿತು ಅಂದಮೇಲೆ ನಮ್ಮ ನಿಮ್ಮ ಪಾಡೇನು?

ಹುಳುವಲ್ಲದ ಹುಳುಕಡ್ಡಿ

ನಮ್ಮ ಊರುಗಳಲ್ಲಿ ಕುರುಗಿಂತ ಹೆಚ್ಚಾಗಿ ಕಾಡುವುದು ಹುಳುಕಡ್ಡಿ. ಕೆಲವು ಕಡೆ ಗಜಕರ್ಣ ಅಂತಾರೆ. ಹೆಸರಿನಲ್ಲಿ ಹುಳು ಇದ್ದರೂ ಇದು ಹುಳುವಲ್ಲ, ಶಿಲೀಂಧ್ರ. ಅಂದರೆ ಉಪ್ಪಿನಕಾಯಿ ಬೂಷ್ಟಿನ ದೂರದ ನೆಂಟ. ಚರ್ಮದ ಮೇಲೆ ಉಂಗುರದ ಆಕಾರದ ಕೆಂಪು ಕಲೆ, ಅಂಚಿನಲ್ಲಿ ಸಣ್ಣ ಗುಳ್ಳೆ ಅಥವಾ ಹೊಟ್ಟು, ತಡೆಯಲಾಗದ ತುರಿಕೆ. ತೊಡೆಸಂದು, ಕಂಕುಳು, ಸ್ತನದ ಕೆಳಗೆ, ಲಂಗದ ಲಾಡಿ ಕಟ್ಟುವ ಸೊಂಟದ ಸುತ್ತ... ಎಲ್ಲಿ ಬೆವರು ನಿಲ್ಲುತ್ತದೋ ಅಲ್ಲೆಲ್ಲ ಅದಕ್ಕೆ ಮನೆ.

ಇಲ್ಲೇ ನಿಜವಾದ ಸಮಸ್ಯೆ ಶುರುವಾಗುವುದು. ಕೈಮೇಲೆ ಕಲೆಯಾದರೆ ತೋರಿಸುತ್ತೇವೆ. ಇಂಥ ಜಾಗದಲ್ಲಾದರೆ? ಗಂಡನಿಗೂ ಹೇಳದೆ, ಡಾಕ್ಟರಿಗೂ ತೋರಿಸದೆ ತಿಂಗಳುಗಟ್ಟಲೆ ಮುಚ್ಚಿಟ್ಟುಕೊಳ್ಳುತ್ತೇವೆ. ಕೊನೆಗೆ ಮೆಡಿಕಲ್ ಶಾಪ್‌ನಲ್ಲಿ ‘ತುರಿಕೆಗೊಂದು ಕ್ರೀಮ್ ಕೊಡಿ’ ಅಂತ ಮೆಲುದನಿಯಲ್ಲಿ ಕೇಳುತ್ತೇವೆ. ಅಂಗಡಿಯವನು ಟ್ಯೂಬ್ ಒಂದನ್ನು ಕೊಡುತ್ತಾನೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ! ಪವಾಡವೇ ಸರಿ ಎನಿಸುತ್ತದೆ. ಬಿಟ್ಟ ವಾರಕ್ಕೆ ಒಂದು ಉಂಗುರ ಇದ್ದದ್ದು ಮೂರಾಗಿ ಬರುತ್ತದೆ.

ಕಾರಣ ಇಷ್ಟೆ. ಇಂಥ ಎಷ್ಟೋ ಕ್ರೀಮುಗಳಲ್ಲಿ ಶಿಲೀಂಧ್ರದ ಔಷಧದ ಜತೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಸ್ಟೀರಾಯ್ಡ್ ತುರಿಕೆ, ಕೆಂಪನ್ನು ಅಡಗಿಸುತ್ತದೆ. ಜತೆಗೆ ಚರ್ಮದ ರಕ್ಷಣಾ ಶಕ್ತಿಯನ್ನೂ ಅಡಗಿಸುತ್ತದೆ. ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ! ಮೇಲೆ ಶಾಂತ, ಒಳಗೆ ಕಳ್ಳತನ. ಬಹಳ ದಿನ ಹಚ್ಚಿದರೆ ಚರ್ಮ ತೆಳ್ಳಗಾಗಿ, ಬಸುರಿನ ಗೆರೆಗಳಂಥ ಗೆರೆ ಬೀಳುತ್ತವೆ. ಅವು ಹೋಗುವುದಿಲ್ಲ.

ಇದನ್ನು ತಡೆಯಲೆಂದೇ ಕೇಂದ್ರ ಆರೋಗ್ಯ ಸಚಿವಾಲಯ 2018ರ ಮಾರ್ಚ್‌ನಲ್ಲಿ 14 ಬಗೆಯ ಸ್ಟೀರಾಯ್ಡ್‌ಗಳ ಮುಲಾಮನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಕಾನೂನೇನೋ ಬಂತು, ಆದರೆ ಕೇಳುವ ಅಭ್ಯಾಸ ನಾವು ಬಿಡಬೇಕಲ್ಲ? ಟ್ಯೂಬಿನ ಮೇಲೆ ಕ್ಲೊಬೆಟಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯಿರಿ. ವೈದ್ಯರು ಹೇಳದ ಹೊರತು ಹಚ್ಚಬೇಡಿ.

ಇನ್ನೊಂದು ಮಾತು. ಭಾರತ ಮತ್ತು ನೇಪಾಳದ ರೋಗಿಗಳಲ್ಲಿ ಕಂಡ ಮೊಂಡು ಶಿಲೀಂಧ್ರವೊಂದನ್ನು ವಿಜ್ಞಾನಿಗಳು 2020ರಲ್ಲಿ ಬೇರೆ ಪ್ರಭೇದವೆಂದೇ ಗುರುತಿಸಿ ಹೆಸರಿಟ್ಟರು. ಅದರ ಹೆಸರಿನಲ್ಲೇ ‘ಇಂಡೋ’ ಇದೆ, ಟ್ರೈಕೊಫೈಟಾನ್ ಇಂಡೋಟಿನಿಯೆ! ಬಹುಕಾಲದಿಂದ ನಂಬಿಕೊಂಡು ಬಂದ ಟರ್ಬಿನಾಫಿನ್ ಎಂಬ ಔಷಧಕ್ಕೂ ಇದು ಎಷ್ಟೋ ಸಲ ಜಗ್ಗುವುದಿಲ್ಲ. ಹೀಗಾಗಿ ‘ಪಕ್ಕದ ಮನೆಯವರಿಗೆ ಕೊಟ್ಟ ಕ್ರೀಮ್ ನಂಗೂ ಆಗುತ್ತೆ’ ಅನ್ನುವ ಕಾಲ ಮುಗಿಯಿತು.

ಚರ್ಮವೈದ್ಯರ ಹತ್ತಿರವೇ ಹೋಗಿ. ಸಂಕೋಚವಾದರೆ ಲೇಡಿ ಡಾಕ್ಟರ್ ಬೇಕು ಎಂದು ಕೇಳಿ, ಅದರಲ್ಲಿ ತಪ್ಪೇನಿಲ್ಲ. ಖರ್ಚಿನ ಚಿಂತೆ ಇದ್ದರೆ ಸರಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇರುತ್ತದೆ. ಬೆಂಗಳೂರಿನ ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಕಡೆ ದಿನವೂ ಇಂಥದ್ದನ್ನೇ ನೋಡುವ ವೈದ್ಯರು ಅವರು. ನಮಗೆ ನಾಚಿಕೆ ಅನಿಸಿದ್ದು ಅವರಿಗೆ ದಿನಚರಿ. ಔಷಧವನ್ನು ಕಲೆ ಕಾಣದಾದ ದಿನವೇ ನಿಲ್ಲಿಸಬೇಡಿ, ಅವರು ಹೇಳಿದಷ್ಟು ವಾರ ಹಚ್ಚಿ. ಕಲೆಯ ಮೇಲಷ್ಟೇ ಅಲ್ಲ, ಅಂಚಿನಿಂದ ಒಂದೆರಡು ಸೆಂಟಿಮೀಟರ್ ಆಚೆಗೂ ಹಚ್ಚಬೇಕು. ಮನೆಯಲ್ಲಿ ಇನ್ಯಾರಿಗಾದರೂ ಇದ್ದರೆ ಅವರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಇಲ್ಲದಿದ್ದರೆ ಚೆಂಡಾಟದ ಹಾಗೆ ಅವರಿಂದ ಇವರಿಗೆ, ಇವರಿಂದ ಅವರಿಗೆ!

ಮನೆಯಿಂದ ಹೊರಡುವ ಮುನ್ನ

* ಎರಡು ಟವೆಲ್ ಇಟ್ಟುಕೊಳ್ಳಿ. ಒಂದು ಬೆಂಚಿನ ಮೇಲೆ ಹಾಸಲು, ಇನ್ನೊಂದು ಮುಖ ಒರೆಸಲು. ಬಣ್ಣ ಬೇರೆ ಬೇರೆ ಇರಲಿ, ಅದಲುಬದಲಾಗದು. ದುಬಾರಿ ಟವೆಲ್ಲೇ ಬೇಕೆಂದಿಲ್ಲ, ಬೇಗ ಒಣಗುವ ತೆಳು ಪಂಚೆ ಬಟ್ಟೆಯೂ ಆದೀತು.

* ತರಚಿದ ಗಾಯ, ಒಡೆದ ಹಿಮ್ಮಡಿ, ತರಕಾರಿ ಹೆಚ್ಚುವಾಗ ಕೊಯ್ದ ಬೆರಳು ಇದ್ದರೆ ಬ್ಯಾಂಡೇಜ್ ಹಾಕಿಯೇ ಹೋಗಿ. ಸಕ್ಕರೆ ಕಾಯಿಲೆ ಇರುವವರು ಶೂ ಹಾಕುವ ಮುನ್ನ ದಿನವೂ ಪಾದ, ಬೆರಳ ಸಂದು ನೋಡಿಕೊಳ್ಳಬೇಕು.

* ವ್ಯಾಕ್ಸಿಂಗ್ ಅಥವಾ ಶೇವಿಂಗ್ ಮಾಡಿದ ದಿನ ಜಿಮ್‌ಗೆ ರಜೆ ಕೊಡಿ. ಆಗ ಕೂದಲಿನ ಬುಡಗಳು ತೆರೆದಿರುತ್ತವೆ. ಬಿಗಿ ಬಟ್ಟೆ, ಬೆವರು ಸೇರಿದರೆ ಕೆಂಪು ಗುಳ್ಳೆ ಖಚಿತ.

* ಉಂಗುರ, ಬಳೆ ಬಿಚ್ಚಿಡಿ. ಅವುಗಳ ಕೆಳಗೆ ಬೆವರು ನಿಲ್ಲುತ್ತದೆ. ಉದ್ದ ಉಗುರು ಬೇಡವೇ ಬೇಡ.

* ಯೋಗ ಮ್ಯಾಟ್ ನಿಮ್ಮದೇ ಇರಲಿ. ಜಿಮ್‌ನ ಮ್ಯಾಟನ್ನೇ ಬಳಸುವುದಾದರೆ ಮೇಲೊಂದು ಬಟ್ಟೆ ಹಾಸಿಕೊಳ್ಳಿ.

ಜಿಮ್‌ನಲ್ಲಿ

* ಮೆಷಿನ್ ಬಳಸುವ ಮುಂಚೆಯೂ ಒರೆಸಿ, ಬಳಸಿದ ಮೇಲೂ ಒರೆಸಿ. ಮೊದಲನೆಯದು ನಿಮಗಾಗಿ, ಎರಡನೆಯದು ನಿಮ್ಮ ನಂತರ ಬರುವವಳಿಗಾಗಿ. ಒಣ ಟವೆಲ್‌ನಲ್ಲಿ ಉಜ್ಜಿದರೆ ಬೆವರು ಹರಡುತ್ತದೆಯೇ ವಿನಾ ರೋಗಾಣು ಸಾಯುವುದಿಲ್ಲ. ಸ್ಪ್ರೇಯನ್ನು ಬಟ್ಟೆಗೆ ಹಾಕಿಕೊಂಡು ಒರೆಸಿ, ಬಾಟಲಿ ಮೇಲೆ ಬರೆದಷ್ಟು ಹೊತ್ತು ಆ ಜಾಗ ಹಸಿಯಾಗಿಯೇ ಇರಲಿ, ಆಮೇಲೆ ತಾನಾಗಿ ಒಣಗಲಿ.

* ವ್ಯಾಯಾಮದ ಮಧ್ಯೆ ಕೈ ಮುಖಕ್ಕೆ ಹೋಗದಿರಲಿ. ಕಣ್ಣುಜ್ಜುವುದು, ಮೂಗು ಮುಟ್ಟುವುದು, ಕೂದಲು ಸರಿಪಡಿಸುವುದು ಬೇಡ. ಕೂದಲನ್ನು ಮೊದಲೇ ಗಟ್ಟಿಯಾಗಿ ಕಟ್ಟಿಕೊಳ್ಳಿ. ಮೊಬೈಲನ್ನು ಬ್ಯಾಗಿನಲ್ಲೇ ಬಿಡಿ. ಡಂಬೆಲ್ ಹಿಡಿದ ಕೈಯಲ್ಲೇ ಮೊಬೈಲ್ ಹಿಡಿದು, ಅದೇ ಮೊಬೈಲನ್ನು ಕೆನ್ನೆಗೆ ಒತ್ತಿಕೊಂಡರೆ ಒರೆಸಿದ್ದೆಲ್ಲ ವ್ಯರ್ಥ.

* ಮುಗಿದ ಮೇಲೆ ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಯಿರಿ. ನೀರು ಸಿಗದಿದ್ದರೆ ಕನಿಷ್ಠ ಶೇ. 60ರಷ್ಟು ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಬಳಸಿ. ಆಮೇಲೆಯೇ ಬಾಳೆಹಣ್ಣು, ಬಾದಾಮಿ!

* ನೀರಿನ ಬಾಟಲಿ ಹಂಚಿಕೊಳ್ಳಬೇಡಿ. ಎತ್ತಿ ಕುಡಿಯುವ ನಮ್ಮ ಹಳೇ ಪದ್ಧತಿ ಟ್ರೆಡ್‌ಮಿಲ್ ಮೇಲೆ ನಡೆಯದು, ಮೈಮೇಲೆ ಚೆಲ್ಲುತ್ತದೆ. ಹಾಗಾಗಿ ಕಚ್ಚಿ ಕುಡಿಯುವ ಬಾಟಲಿ ನಿಮ್ಮದೊಬ್ಬರದೇ ಇರಲಿ. ಅದನ್ನು ದಿನವೂ ಬ್ರಷ್ ಹಾಕಿ ತೊಳೆಯಿರಿ, ಮುಚ್ಚಳದ ರಬ್ಬರ್ ಮರೆಯಬೇಡಿ.

* ಡ್ರೆಸ್ಸಿಂಗ್ ರೂಮ್, ಬಾತ್‌ರೂಮ್‌ನಲ್ಲಿ ಬರಿಗಾಲಲ್ಲಿ ಓಡಾಡಬೇಡಿ. ಒದ್ದೆ ನೆಲದಿಂದಲೇ ಕಾಲ್ಬೆರಳ ಸಂದಿನ ಕೆಸರುಹುಣ್ಣು, ಪಾದದ ನರುಳ್ಳೆ ಹರಡುವುದು. ಒಂದು ಜತೆ ಹವಾಯಿ ಚಪ್ಪಲಿ ಬ್ಯಾಗಿನಲ್ಲಿರಲಿ.

ಕಿಟಕಿ ತೆರೆದಿದೆಯೇ?

ಮುಟ್ಟುವುದರ ಬಗ್ಗೆ ಇಷ್ಟು ಹೇಳಿದ್ದಾಯಿತು. ಉಸಿರಿನ ಮಾತು? ಕೊರೊನಾ ಬಂದ 2020ರಲ್ಲಿ ಜಿಮ್‌ಗಳೆಲ್ಲ ತಿಂಗಳುಗಟ್ಟಲೆ ಬಾಗಿಲು ಮುಚ್ಚಿ, ಆಗಸ್ಟ್ 5ರ ನಂತರ ತೆರೆದದ್ದು ನೆನಪಿದೆಯಲ್ಲ. ಅದೇ ವರ್ಷದ ಆರಂಭದಲ್ಲಿ ದಕ್ಷಿಣ ಕೊರಿಯಾದ ಚೆಯೋನಾನ್ ನಗರದಲ್ಲಿ ಡ್ಯಾನ್ಸ್ ಮಾಡುತ್ತಾ ಮೈ ಇಳಿಸುವ ಕ್ಲಾಸುಗಳಿಂದ 112 ಮಂದಿಗೆ ಸೋಂಕು ಹರಡಿತ್ತು. ಸಣ್ಣ ಕೋಣೆ, ತುಂಬ ಜನ, ಏದುಸಿರು. ಆದರೆ ಐದಕ್ಕಿಂತ ಕಡಿಮೆ ಜನರಿದ್ದ ಕ್ಲಾಸುಗಳಲ್ಲಿ ಸೋಂಕು ಹರಡಿರಲಿಲ್ಲ. ಸಣ್ಣ ಗುಂಪಿನ ನಿಧಾನಗತಿಯ ಯೋಗ, ಪಿಲಾಟೆಸ್ ತರಗತಿಯಲ್ಲೂ ಹರಡಿರಲಿಲ್ಲ.

ಫ್ಲೂ, ನೆಗಡಿಗಳೂ ಗಾಳಿಯಲ್ಲೇ ಬರುತ್ತವೆ. ಆದ್ದರಿಂದ ಜಿಮ್ ಸೇರುವ ಮುನ್ನ ಮೆಷಿನ್ ಎಷ್ಟು ಹೊಸದು ಎಂದು ನೋಡುವುದಕ್ಕಿಂತ ಕಿಟಕಿ ತೆರೆಯುತ್ತದೆಯೇ, ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದೆಯೇ ಎಂದು ನೋಡಿ. ಒಳಗೆ ಹೆಜ್ಜೆ ಇಟ್ಟ ಕೂಡಲೇ ಮುಗ್ಗಲು ವಾಸನೆ ಬಂದರೆ ಅಡ್ವಾನ್ಸ್ ಕೊಡಬೇಡಿ. ಮತ್ತೆ, ನಿಮಗೇ ಜ್ವರ, ಕೆಮ್ಮು ಇದ್ದರೆ ಮನೆಯಲ್ಲಿರಿ. ಅಂದು ರೆಸ್ಟೇ ವ್ಯಾಯಾಮ.

ಮನೆಗೆ ಬಂದ ಮೇಲೆ

ನಮ್ಮಜ್ಜಿಯರು ಮಡಿ ಬಟ್ಟೆಯನ್ನು ಒಗೆದು, ಗಳುವಿನ ಮೇಲೆ ಎತ್ತರಕ್ಕೆ ಹರವಿ, ಪೂರ್ತಿ ಒಣಗಿಸಿಯೇ ಉಡುತ್ತಿದ್ದರು. ಮಡಿಯ ಹೆಸರಿನಲ್ಲಿ ಮನುಷ್ಯರನ್ನೇ ದೂರ ಇಟ್ಟದ್ದೂ ಉಂಟು, ಆ ಭಾಗ ನಮಗೆ ಬೇಡ. ಒಗೆಯುವುದು, ಒಣಗಿಸುವುದು ಮಾತ್ರ ಇರಲಿ. ಹೊಸಿಲಲ್ಲಿ ಚಪ್ಪಲಿ ಬಿಡುವ ನಾವೇ ಜಿಮ್ ಬ್ಯಾಗನ್ನು ತಂದು ಹಾಸಿಗೆ ಮೇಲೆ ಇಡುತ್ತೇವಲ್ಲ, ಇದ್ಯಾವ ನ್ಯಾಯ!

* ಬಂದ ತಕ್ಷಣ ಸ್ನಾನ. ಸಾದಾ ಸೋಪು ಸಾಕು. ಸ್ನಾನವಾದ ಮೇಲೆ ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಕಾಲ್ಬೆರಳ ಸಂದುಗಳನ್ನು ಒತ್ತಿ ಒರೆಸಿ ಪೂರ್ತಿ ಒಣಗಿಸಿ. ಸ್ನಾನಕ್ಕೆ ತಡವಾಗುವುದಾದರೆ ಕನಿಷ್ಠ ಒಳಉಡುಪನ್ನಾದರೂ ಬದಲಿಸಿ.

* ಬೆವರಿದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ನಾಳೆಗೆ ಬಿಡಬೇಡಿ. ಒಂದೇ ಡ್ರೆಸ್ಸನ್ನು ಒಗೆಯದೆ ಎರಡು ದಿನ ಹಾಕಬೇಡಿ. ಒಳಮೈ ಹೊರಗೆ ಮಾಡಿ ಒಗೆದು ಬಿಸಿಲಿಗೆ ಹಾಕಿ. ಹುಳುಕಡ್ಡಿ ಇದ್ದವರ ಕಾಟನ್ ಬಟ್ಟೆ, ಟವೆಲ್, ಬೆಡ್‌ಶೀಟ್‌ಗಳನ್ನು ಬೇರೆಯಾಗಿ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ವಾಷಿಂಗ್ ಮೆಷಿನ್‌ನಲ್ಲಿ ಆ ಆಯ್ಕೆ ಇದ್ದರೆ ಸರಿ, ಇಲ್ಲವಾದರೆ ಹಂಡೆ ನೀರು ಇದ್ದೇ ಇದೆಯಲ್ಲ. ಮಳೆಗಾಲದಲ್ಲಿ ಒಣಗಿದ ಮೇಲೆ ಇಸ್ತ್ರಿ ಮಾಡಿ.

* ಶೂಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ಒಳಗಿನ ಅಟ್ಟೆ ತೆಗೆದು ಗಾಳಿಗಿಡಿ. ಸಾಕ್ಸ್ ದಿನವೂ ಹೊಸದು.

* ಮುಟ್ಟಿನ ದಿನಗಳಲ್ಲಿ ಮೈ ಒಪ್ಪಿದರೆ ವ್ಯಾಯಾಮಕ್ಕೇನೂ ಅಡ್ಡಿಯಿಲ್ಲ. ಹೋಗುವ ಮುನ್ನ ಪ್ಯಾಡ್ ಬದಲಿಸಿ, ಬಂದ ಕೂಡಲೇ ಮತ್ತೆ ಬದಲಿಸಿ. ಜನನಾಂಗದ ಒಳಭಾಗವನ್ನು ಸೋಪು, ಸುವಾಸನೆಯ ವಾಶ್ ಹಾಕಿ ತೊಳೆಯಬೇಡಿ. ಅದು ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ. ಹೊರಭಾಗಕ್ಕೆ ನೀರು ಸಾಕು.

ಕುರು ದೊಡ್ಡದಾಗುತ್ತಾ ಹೋದರೆ, ಮುಟ್ಟಿದರೆ ಬಿಸಿ ಎನಿಸಿದರೆ, ಜತೆಗೆ ಜ್ವರ ಬಂದರೆ ಅದೇ ದಿನ ವೈದ್ಯರನ್ನು ಕಾಣಿ. ಹಿಸುಕಬೇಡಿ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಮಾತ್ರೆ ನುಂಗಬೇಡಿ.

ಜಿಮ್‌ನವರಿಗೂ ಎರಡು ಮಾತು

ಎಲ್ಲ ಜವಾಬ್ದಾರಿ ಹೆಂಗಸರ ಬ್ಯಾಗಿನಲ್ಲೇ ತುಂಬಿಸಿದರೆ ಹೇಗೆ? ಫೀಸು ಪಡೆಯುವವರಿಗೂ ಕರ್ತವ್ಯವಿದೆ. ಕೈಗೆಟುಕುವ ಕಡೆ ಸ್ಪ್ರೇ, ಬಟ್ಟೆ ಇಡಬೇಕು. ಅದು ಕೌಂಟರಿನ ಬೀರುವಿನಲ್ಲಿ ಬೀಗ ಹಾಕಿಡುವ ವಸ್ತುವಲ್ಲ. ಮ್ಯಾಟ್‌ಗಳನ್ನು ದಿನವೂ ತೊಳೆದು ನೇತುಹಾಕಬೇಕು, ಸುತ್ತಿ ಮೂಲೆಗೆ ಒತ್ತಬಾರದು. ರೆಕ್ಸಿನ್ ಹರಿದು ಸ್ಪಂಜು ಕಾಣುವ ಸೀಟನ್ನು ಎಷ್ಟು ಒರೆಸಿದರೂ ಶುಚಿಯಾಗದು, ಅದನ್ನು ಬದಲಿಸಬೇಕು. ನೆಲ ಒರೆಸುವ ಆಯಮ್ಮನಿಗೆ ಗ್ಲೌಸ್ ಕೊಡಬೇಕು, ಆಕೆಗೂ ಚರ್ಮವಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹುಳುಕಡ್ಡಿ ಇದ್ದೂ ಹೆಂಗಸರು ಜಿಮ್‌ಗೆ ಬರುವುದೇಕೆ? ಮೂರು ತಿಂಗಳ ಫೀಸು ಕಟ್ಟಿಯಾಗಿದೆ, ಹೋಗದಿದ್ದರೆ ದುಡ್ಡು ದಂಡ. ‘ನನಗೆ ಹೀಗಾಗಿದೆ’ ಅಂದರೆ ಎಲ್ಲರೂ ದೂರ ಸರಿಯುತ್ತಾರೆ. ಅದಕ್ಕೇ ಬಾಯಿ ಬಿಡುವುದಿಲ್ಲ. ವೈದ್ಯರ ಚೀಟಿ ತಂದವರ ಮೆಂಬರ್‌ಶಿಪ್ಪನ್ನು ಗುಣವಾಗುವ ತನಕ ತಡೆಹಿಡಿದು, ಅಷ್ಟು ದಿನವನ್ನು ಮುಂದಕ್ಕೆ ಕೊಡುವ ನಿಯಮ ಮಾಡಿದರೆ ಮುಚ್ಚಿಡುವ ಅಗತ್ಯವೇ ಇರುವುದಿಲ್ಲ. ಇದಕ್ಕೆ ಮಾಲೀಕರಿಗೆ ದೊಡ್ಡ ನಷ್ಟವೇನೂ ಇಲ್ಲ. ಒಬ್ಬರಿಂದ ಹತ್ತು ಜನಕ್ಕೆ ಹರಡಿ ಬ್ಯಾಚೇ ಖಾಲಿಯಾಗುವುದಕ್ಕಿಂತ ಇದು ಅಗ್ಗ. ಅಪಾರ್ಟ್‌ಮೆಂಟಿನವರು ಈ ಮಾತನ್ನು ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲೇ ಎತ್ತಬಹುದು. ಲಿಫ್ಟ್, ಪಾರ್ಕಿಂಗ್ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಮೀಟಿಂಗ್‌ಗೆ ಜಿಮ್‌ನ ಒದ್ದೆ ಮ್ಯಾಟ್ ಬಗ್ಗೆ ಐದು ನಿಮಿಷ ಸಿಗದೇ?

ನಮ್ಮ ಪಾಲಿನದೂ ಒಂದಿದೆ. ಗೆಳತಿಯೊಬ್ಬಳು ಧೈರ್ಯ ಮಾಡಿ ‘ಹೀಗಾಗಿದೆ ಕಣೇ’ ಅಂದರೆ ಮುಖ ಸಿಂಡರಿಸಬೇಡಿ. ಅವಳು ಗಲೀಜು ಎಂದು ಅದರ ಅರ್ಥವಲ್ಲ. ನಮ್ಮ ಹವೆಯಲ್ಲಿ, ನಮ್ಮ ಉಡುಪಿನಲ್ಲಿ ಯಾರಿಗೂ ಆಗಬಹುದಾದದ್ದು. ಒಳ್ಳೆಯ ಚರ್ಮವೈದ್ಯರ ವಿಳಾಸ ಕೊಡಿ, ಬೇಕಾದರೆ ಜತೆಗೆ ಹೋಗಿ. ಇಂದು ಅವಳು ಬಾಯಿ ಬಿಟ್ಟು ಹೇಳಿದ್ದರಿಂದ ಬ್ಯಾಚಿನ ಉಳಿದವರ ಮಕ್ಕಳು ಉಳಿದರು ಎಂದೇ ತಿಳಿಯಿರಿ.

ಇಷ್ಟೆಲ್ಲ ನೆನಪಿಡುವುದು ಕಷ್ಟ ಅನಿಸಿತೇ? ಹಾಗಾದರೆ ಮೂರೇ ಮಾತು ಇಟ್ಟುಕೊಳ್ಳಿ. ಟವೆಲ್ ನಮ್ಮದೇ ಇರಲಿ. ಮೈ ಒಣಗಿರಲಿ. ಕಾಯಿಲೆ ಮುಚ್ಚಿಡುವುದು ಬೇಡ. ಈ ಮೂರನ್ನು ಪಾಲಿಸಿದರೆ ನೀವು ಬೆವರು ಸುರಿಸುವುದು ಆರೋಗ್ಯಕ್ಕಾಗಿಯೇ ಆಗುತ್ತದೆ, ಔಷಧದ ಅಂಗಡಿಗಾಗಿ ಅಲ್ಲ. ಅಂದಹಾಗೆ, ಇಂದಿನ ಜಿಮ್ ಬ್ಯಾಗಿನಿಂದ ಒದ್ದೆ ಟವೆಲ್ ತೆಗೆದಿರಾ? ಪತ್ರಿಕೆ ಆಮೇಲೆ ಓದಿದರಾಯಿತು, ಮೊದಲು ಅದನ್ನು ಒಗೆಯಲು ಹಾಕಿ!